ವಯಸ್ಸಾದ, ಕಾಯಿಲೆಯಿರುವ ಪೋನಿಗೆ ನ್ಯಾಯವಾದ ಬೆಲೆ ಕಟ್ಟುವ ಬಗೆ

18–20 ವರ್ಷ ದಾಟಿದ, ಮೈಯಲ್ಲಿ ಒಂದಲ್ಲ ಒಂದು ಕಾಯಿಲೆಯಿರುವ ಪೋನಿಗೆ ಬೆಲೆ ಕಟ್ಟುವಾಗ ಮಾರುವವರೂ ಕೊಳ್ಳುವವರೂ ಸಾಮಾನ್ಯವಾಗಿ ಬರೀ ಅಂದಾಜಿನ ಮೇಲೆ ಹೋಗುತ್ತಾರೆ. ಮಾರುವವರು ತಾವು ಹಿಂದೆ ಕೊಟ್ಟ ಹಣವನ್ನೂ ಇಷ್ಟು ವರ್ಷ ಸಾಕಿದ ಅಕ್ಕರೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಒಂದು ಮೊತ್ತ ಹೇಳುತ್ತಾರೆ. ಕೊಳ್ಳುವವರು ಕಾಯಿಲೆಯ ಹೆಸರು ಕಿವಿಗೆ ಬಿದ್ದೊಡನೆ ಅದರಲ್ಲಿ ಅರ್ಧ ಇಳಿಸಿ ಕೇಳುತ್ತಾರೆ. ಎರಡಕ್ಕೂ ಆಧಾರವಿಲ್ಲ. ಈ ಪೋನಿ ಇನ್ನು ಯಾವ ಕೆಲಸ ಮಾಡಬಲ್ಲದು, ಎಷ್ಟು ವರ್ಷ ಮಾಡಬಲ್ಲದು, ಅಷ್ಟು ವರ್ಷ ಅದನ್ನು ನೋವಿಲ್ಲದೆ ಇಡಲು ಎಷ್ಟು ಖರ್ಚಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಬೆಲೆಯ ಮಾತು ಶುರುವಾಗಬೇಕು. ಕಾಯಿಲೆಯ ಹೆಸರಿಗೆ ತಾನಾಗಿ ಬೆಲೆ ಇಳಿಸುವ ಶಕ್ತಿಯಿಲ್ಲ. ನಿಮಗೆ ಬೇಕಾದ ಕೆಲಸದಿಂದ ಅದು ಎಷ್ಟನ್ನು ಕಿತ್ತುಕೊಳ್ಳುತ್ತದೆಯೋ ಅಷ್ಟೇ ಬೆಲೆ ಇಳಿಯಬೇಕು.

ವಯಸ್ಸಿನ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಭುಜದೆತ್ತರ 148 ಸೆಂಟಿಮೀಟರ್‌ವರೆಗಿನ ಕುದುರೆಯನ್ನು ಸಾಮಾನ್ಯವಾಗಿ ಪೋನಿ ಎನ್ನುತ್ತಾರೆ, ಮತ್ತು ಪೋನಿಗಳು ದೊಡ್ಡ ಕುದುರೆಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ. ಚೆನ್ನಾಗಿ ಸಾಕಿದ ಎಷ್ಟೋ ಪೋನಿಗಳು 25 ದಾಟುತ್ತವೆ, ಕೆಲವು 30ನ್ನೂ ದಾಟುತ್ತವೆ. ಆದ್ದರಿಂದ 20 ವರ್ಷವೆಂದರೆ ಮುಗಿಯಿತು ಎಂದುಕೊಳ್ಳಬೇಕಾಗಿಲ್ಲ. ಆದರೆ ಅದನ್ನು ನಿಮ್ಮಿಂದ ಮತ್ತೆ ಕೊಳ್ಳುವವರು ಸಿಗುವುದು ಅಪರೂಪ. ಎಳೆಯ ಕುದುರೆಗೆ ಕೊಟ್ಟ ಹಣದಲ್ಲಿ ಒಂದು ಪಾಲು ಮರುಮಾರಾಟದಲ್ಲಿ ಕೈಗೆ ಬರುತ್ತದೆ. ವಯಸ್ಸಾದ ಪೋನಿಗೆ ಕೊಟ್ಟದ್ದು ಹಿಂದಿರುಗುವುದಿಲ್ಲ. ಬಹುಮಟ್ಟಿಗೆ ನೀವೇ ಅದರ ಕೊನೆಯ ಯಜಮಾನರು. ಈ ಒಂದು ಸಂಗತಿ ಕೆಳಗಿನ ಲೆಕ್ಕವನ್ನೆಲ್ಲ ಬದಲಿಸುತ್ತದೆ.

ಮೊದಲು ಕೆಲಸವನ್ನು ಗೊತ್ತುಮಾಡಿಕೊಳ್ಳಿ

ಪೋನಿಯನ್ನು ನೋಡಲು ಹೋಗುವ ಮೊದಲೇ ಅದರಿಂದ ನಿಮಗೆ ಆಗಬೇಕಾದದ್ದು ಏನೆಂಬುದನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಸವಾರಿ ಕಲಿಯುತ್ತಿರುವ ಮಗುವನ್ನು ಲಗಾಮು ಹಿಡಿದು ನಡೆಸುವುದಕ್ಕೋ, ವಾರಕ್ಕೆ ಮೂರು ದಿನ ದುಲ್ಕಿ ಓಟದ ಸವಾರಿಗೋ, ಹಗುರವಾದ ಗಾಡಿ ಎಳೆಯುವುದಕ್ಕೋ, ಇಲ್ಲ ಒಂಟಿಯಾಗಿರುವ ಇನ್ನೊಂದು ಕುದುರೆಗೆ ಜೊತೆಯಾಗಿರುವುದಕ್ಕೋ? ಒಂದು ಕಣ್ಣು ಕಾಣದ ಪೋನಿ ಜೊತೆಗಾರನಾಗಿ ಪೂರ್ತಿ ಬೆಲೆ ಬಾಳುತ್ತದೆ, ಆದರೆ ಜಿಗಿತ ಕಲಿಸಬೇಕೆಂದಿರುವವರಿಗೆ ಅದು ಯಾವ ಬೆಲೆಗೂ ಬೇಡ. ಹಾಗೆಯೇ, ಮಕ್ಕಳು ಬೆನ್ನ ಮೇಲಿದ್ದಾಗ ಒಮ್ಮೆಯೂ ಬೆದರದ, ಹತ್ತು ಮಕ್ಕಳಿಗೆ ಸವಾರಿ ಕಲಿಸಿದ 20 ವರ್ಷದ ಪೋನಿಯು ಹೊಸದಾಗಿ ಕಲಿಯುವ ಮಗುವಿಗೆ, ಕಾಯಿಲೆಯೇ ಇಲ್ಲದ 6 ವರ್ಷದ ತುಂಟ ಪೋನಿಗಿಂತ ಹೆಚ್ಚು ಬೆಲೆಯುಳ್ಳದ್ದು. ಒಳ್ಳೆಯ ನಡತೆ ವರ್ಷಗಟ್ಟಲೆ ತಾಳ್ಮೆಯಿಂದ ಬಂದದ್ದು, ಅದಕ್ಕೆ ಹಣ ಕೊಡಲು ಹಿಂಜರಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಗುವಿಗಾಗಿ ಕೊಳ್ಳುವವರು ತೂಕದ ಲೆಕ್ಕವನ್ನೂ ಇಲ್ಲಿಯೇ ಮಾಡಿಕೊಳ್ಳಬೇಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ಮುಂಚಾಚಿನಿಂದ ಪೃಷ್ಠದ ಹಿಂಚಾಚಿನವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋಗ್ರಾಂ ತೂಕ ಸಿಗುತ್ತದೆ. ಸುತ್ತಳತೆ 145, ಉದ್ದ 130 ಇರುವ ಪೋನಿ ಸುಮಾರು 230 ಕಿಲೋ ತೂಗುತ್ತದೆ. ವಯಸ್ಸಾದ, ಕೀಲು ಸವೆದ ಪೋನಿಯ ಮೇಲೆ ಜೀನೂ ಸೇರಿ ಅದರ ತೂಕದ ನೂರಕ್ಕೆ 15ಕ್ಕಿಂತ ಹೆಚ್ಚು ಭಾರ ಹೇರಬಾರದು ಎಂದು ಇಟ್ಟುಕೊಂಡರೆ, ಈ ಪೋನಿ ಹೊರಬಲ್ಲದ್ದು 34 ಕಿಲೋ ಮಾತ್ರ. ನಿಮ್ಮ ಮಗು ಈಗಲೇ 25 ಕಿಲೋ ಇದ್ದರೆ, ಪೋನಿಯ ಕಾಲುಗಳು ಸೋಲುವ ಮೊದಲೇ ಮಗು ಅದರ ಅಳತೆಯನ್ನು ಮೀರಿ ಬೆಳೆಯುತ್ತದೆ. ಆಗ ನಿಮ್ಮ ಉಪಯೋಗದ ವರ್ಷಗಳನ್ನು ಗೊತ್ತುಮಾಡುವುದು ಪೋನಿಯ ಆರೋಗ್ಯವಲ್ಲ, ಮಗುವಿನ ಬೆಳವಣಿಗೆ.

ಆಧಾರ ಬೆಲೆಯನ್ನು ಹುಡುಕಿ

ನೀವಿರುವ ಕಡೆ ಅದೇ ಎತ್ತರದ, ಅದೇ ಬಗೆಯ ತರಬೇತಿ ಮತ್ತು ನಡತೆಯ, ಆರೋಗ್ಯವಾಗಿರುವ 10–12 ವರ್ಷದ ಪೋನಿಯೊಂದು ನಿಜವಾಗಿ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂದು ವಿಚಾರಿಸಿ. ಜಾಹೀರಾತಿನಲ್ಲಿ ಹೇಳಿದ ಬೆಲೆಯಲ್ಲ, ವ್ಯಾಪಾರ ಮುಗಿದ ಬೆಲೆ ಬೇಕು. ಸವಾರಿ ಶಾಲೆಯವರನ್ನು, ಲಾಳ ಹೊಡೆಯುವವರನ್ನು, ಪಶುವೈದ್ಯರನ್ನು ಕೇಳಿದರೆ ಮೂರು ನಾಲ್ಕು ಉದಾಹರಣೆಗಳು ಸಿಗುತ್ತವೆ. ಅವುಗಳ ನಡುವಿನ ಮೊತ್ತವನ್ನು 100 ಎಂದು ಇಟ್ಟುಕೊಳ್ಳಿ.

ವಯಸ್ಸನ್ನು ಹಲ್ಲಿನಿಂದ ಅಂದಾಜಿಸಿ, ದಾಖಲೆಯಿಂದ ಖಚಿತಪಡಿಸಿಕೊಳ್ಳಿ

ಸುಮಾರು 5 ವರ್ಷದೊಳಗೆ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲುಗಳು ಬಂದಿರುತ್ತವೆ, ಅಲ್ಲಿಯವರೆಗೆ ವಯಸ್ಸು ಸಾಕಷ್ಟು ಸರಿಯಾಗಿ ತಿಳಿಯುತ್ತದೆ. ಆಮೇಲೆ ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನಲ್ಲಿ 10ರ ಸುಮಾರಿಗೆ ಒಸಡಿನ ಹತ್ತಿರ ಕಾಣಿಸಿಕೊಳ್ಳುವ ಕಂದು ಗೀರು 15ಕ್ಕೆ ಅರ್ಧ ಹಲ್ಲಿನವರೆಗೆ, 20ಕ್ಕೆ ಪೂರ್ತಿ ಹಲ್ಲಿನುದ್ದಕ್ಕೆ ಇಳಿಯುತ್ತದೆ ಎಂಬುದು ಹಳೆಯ ಸೂತ್ರ. ಇದನ್ನು ಸುಳಿವಾಗಿ ಇಟ್ಟುಕೊಳ್ಳಿ, ಸಾಕ್ಷಿಯಾಗಿ ಅಲ್ಲ. ಎರಡು ಮೂರು ವರ್ಷಗಳ ವ್ಯತ್ಯಾಸ ಬರುವುದು ಸಾಮಾನ್ಯ. ಮೈಕ್ರೋಚಿಪ್, ನೋಂದಣಿ ಪತ್ರ, ಹಳೆಯ ಲಸಿಕೆ ಚೀಟಿ ಇವುಗಳಲ್ಲಿ ಯಾವುದಾದರೂ ಇದ್ದರೆ ಕೇಳಿ ನೋಡಿ.

ನಿಮ್ಮ ಕಣ್ಣಿನಿಂದಲೇ ತಿಳಿಯುವುದು ಬಹಳವಿದೆ

ಬೆಳಿಗ್ಗೆ ಪೋನಿಯನ್ನು ಲಾಯದಿಂದ ಹೊರಗೆ ತರುವ ಮೊದಲೇ ಅಲ್ಲಿರುವಂತೆ ಕೇಳಿಕೊಳ್ಳಿ. ಕೀಲು ಸವೆದ ಪೋನಿಯ ಬಿಗಿತ ರಾತ್ರಿಯಿಡೀ ನಿಂತ ಮೇಲಿನ ಮೊದಲ ಇಪ್ಪತ್ತು ಹೆಜ್ಜೆಗಳಲ್ಲಿ ಚೆನ್ನಾಗಿ ಕಾಣುತ್ತದೆ. ಅರ್ಧ ಗಂಟೆ ಓಡಾಡಿಸಿದ ಮೇಲೆ ಅದು ಅಷ್ಟಾಗಿ ತೋರುವುದಿಲ್ಲ. ಹತ್ತು ನಿಮಿಷದಲ್ಲಿ ಸಡಿಲವಾಗುವ ಬಿಗಿತ ಹಗುರ ಕೆಲಸಕ್ಕೆ ಅಡ್ಡಿಯಲ್ಲ. ನಡೆದಷ್ಟೂ ಹೆಚ್ಚುವ ಕುಂಟು ಬೇರೆಯದೇ ಕಥೆ. ಗಟ್ಟಿ ನೆಲದ ಮೇಲೆ ನೇರವಾಗಿ ದುಲ್ಕಿಯಲ್ಲಿ ಓಡಿಸಿ ನೋಡಿ, ಆಮೇಲೆ ಚಿಕ್ಕ ವೃತ್ತದಲ್ಲಿ ಎರಡೂ ಕಡೆಗೆ ತಿರುಗಿಸಿ ನೋಡಿ. ತಿರುಗುವಾಗ ಮುಂಗಾಲನ್ನು ನೆಲಕ್ಕೆ ಇಡಲು ಅಂಜುವ ಪೋನಿಯ ಗೊರಸಿನಲ್ಲಿ ನೋವಿರುವ ಸಂಭವ ಹೆಚ್ಚು.

ಲಾಯದ ನೆಲವನ್ನೂ ನೋಡಿ. ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆಗಳು ಮೇವಿನ ತೊಟ್ಟಿಯ ಕೆಳಗೆ ಬಿದ್ದಿದ್ದರೆ ದವಡೆ ಹಲ್ಲುಗಳು ಸವೆದಿವೆ ಅಥವಾ ಉದುರಿವೆ ಎಂದರ್ಥ. ಕುದುರೆಯ ಹಲ್ಲು ವರ್ಷಕ್ಕೆ 2–3 ಮಿಲಿಮೀಟರ್ ಸವೆಯುತ್ತಾ, ಅಷ್ಟೇ ಒಸಡಿನಿಂದ ಮೇಲೆ ಬರುತ್ತಾ ಇರುತ್ತದೆ, ಮತ್ತು ಆ ಸಂಗ್ರಹ ಒಂದು ದಿನ ಮುಗಿಯುತ್ತದೆ. ಹಲ್ಲಿಲ್ಲದ ಪೋನಿ ನೆನೆಸಿದ ಮೆತ್ತನೆಯ ನಾರಿನ ಆಹಾರದಿಂದ ವರ್ಷಗಟ್ಟಲೆ ಚೆನ್ನಾಗಿಯೇ ಇರಬಲ್ಲದು, ಆದರೆ ದಿನಕ್ಕೆ ಮೂರು ನಾಲ್ಕು ಸಲ ಅದನ್ನು ಕಲಸಿ ಕೊಡುವವರು ಇರಬೇಕು, ಮತ್ತು ಆ ಆಹಾರ ಹುಲ್ಲಿಗಿಂತ ದುಬಾರಿ.

ಗೊರಸಿನ ಮೇಲೆ ಮಾತ್ರ ಆತುರಪಡದೆ ಕಣ್ಣಾಡಿಸಿ, ಏಕೆಂದರೆ ಪೋನಿಗಳ ದೊಡ್ಡ ಶತ್ರುವಾದ ಲ್ಯಾಮಿನೈಟಿಸ್ (ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರ ಕೆಡುವ, ತುಂಬ ನೋವಿನ ಕಾಯಿಲೆ) ತನ್ನ ದಿನಚರಿಯನ್ನು ಅಲ್ಲಿಯೇ ಬರೆದಿಟ್ಟಿರುತ್ತದೆ. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಕೂದಲಿನ ಅಂಚಿನಿಂದ ಮುಂತುದಿಯವರೆಗೆ ಇಳಿಯಲು 9–12 ತಿಂಗಳು ಹಿಡಿಯುತ್ತದೆ. ಅಂದರೆ ನಿಮ್ಮ ಮುಂದಿರುವುದು ಸುಮಾರು ಒಂದು ವರ್ಷದ ಚರಿತ್ರೆ. ಮೇವು ಬದಲಾದಾಗ ಮೂಡುವ ಉಂಗುರಗಳು ಮುಂದೂ ಹಿಂದೂ ಒಂದೇ ಅಂತರದಲ್ಲಿರುತ್ತವೆ. ಲ್ಯಾಮಿನೈಟಿಸ್ ಬಂದುಹೋದ ಗೊರಸಿನಲ್ಲಿ ಉಂಗುರಗಳು ಮುಂದುಗಡೆ ಇಕ್ಕಟ್ಟಾಗಿದ್ದು ಹಿಮ್ಮಡಿಯ ಕಡೆಗೆ ಅಗಲವಾಗುತ್ತವೆ. ಒಮ್ಮೆ ನಾನು ನೋಡಲು ಹೋಗಿದ್ದ 19 ವರ್ಷದ ಕಂದು ಪೋನಿ ಸರಾಗವಾಗಿ ನಡೆಯುತ್ತಿತ್ತು, ಕಾಲಿನದು ಏನೂ ತೊಂದರೆಯಿಲ್ಲ ಎಂದು ಅದರ ಮನೆಯವರು ನಂಬಿಕೆಯಿಂದಲೇ ಹೇಳಿದರು. ಒದ್ದೆ ಬಟ್ಟೆಯಿಂದ ಗೊರಸಿನ ಕೆಸರು ಒರೆಸಿದಾಗ ಕೂದಲಿನ ಅಂಚಿನಿಂದ ಎರಡು ಬೆರಳು ಕೆಳಗೆ ಅಂಥದೇ ಒಂದು ಆಳವಾದ ಉಂಗುರ ಎರಡೂ ಮುಂಗಾಲುಗಳಲ್ಲಿ ಒಂದೇ ಎತ್ತರದಲ್ಲಿ ಸಿಕ್ಕಿತು. ನಾಲ್ಕೈದು ತಿಂಗಳ ಹಿಂದೆ ಏನಾಗಿತ್ತು ಎಂದು ಕೇಳಿದಾಗ, ಹೊಸ ಹುಲ್ಲು ಚಿಗುರಿದ ಕಾಲದಲ್ಲಿ ಒಂದು ವಾರ ಮಂಕಾಗಿತ್ತು ಎಂಬುದು ಅವರಿಗೆ ನೆನಪಾಯಿತು. ಅವರು ಮುಚ್ಚಿಡಲಿಲ್ಲ, ಗುರುತಿಸಿರಲಿಲ್ಲ ಅಷ್ಟೆ.

ಉಳಿದದ್ದನ್ನು ಬೇಗ ನೋಡಬಹುದು. ವಿಶ್ರಾಂತಿಯಲ್ಲಿ ಉಸಿರು ನಿಮಿಷಕ್ಕೆ 8–16 ಇರಬೇಕು. ಉಸಿರು ಬಿಡುವಾಗ ಪಕ್ಕೆಯ ಕೆಳಗೆ ಗೆರೆಯಂತೆ ಸ್ನಾಯು ಎದ್ದು ಕಾಣುತ್ತಿದ್ದರೆ ಬಹುಕಾಲದ ಉಬ್ಬಸವಿದೆ. ಬೇಸಿಗೆ ಬಂದರೂ ಉದುರದ ಉದ್ದನೆಯ ಗುಂಗುರು ಕೂದಲು, ಬೆನ್ನಿನ ಮೇಲೆ ಕರಗಿದ ಸ್ನಾಯು, ಹೆಚ್ಚು ನೀರು ಕುಡಿಯುವುದು ಪಿಪಿಐಡಿಯ, ಅಂದರೆ ವಯಸ್ಸಾದ ಕುದುರೆಗಳಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹದ ತಪ್ಪುವ ಕಾಯಿಲೆಯ ಲಕ್ಷಣಗಳು. ಕತ್ತಿನ ಮೇಲ್ಭಾಗದಲ್ಲಿ ಗಟ್ಟಿಯಾದ ಕೊಬ್ಬಿನ ದಿಂಡಿದ್ದರೆ ಇನ್ಸುಲಿನ್ ತೊಂದರೆಯನ್ನು ಶಂಕಿಸಬೇಕು. ಬೂದು ಬಣ್ಣದ ಪೋನಿಯಾದರೆ ಬಾಲ ಎತ್ತಿ ಕೆಳಗೆ ನೋಡಿ. ಇಂಥ ಕುದುರೆಗಳಲ್ಲಿ 15 ವರ್ಷದ ನಂತರ ಕಪ್ಪು ಗಂಟುಗಳು ಬಹಳ ಸಾಮಾನ್ಯ, ಹೆಚ್ಚಿನವು ನಿಧಾನವಾಗಿ ಬೆಳೆಯುತ್ತವೆ.

ಪಶುವೈದ್ಯರ ಪರೀಕ್ಷೆ

ಪೋನಿಯ ಬೆಲೆಗಿಂತ ಪರೀಕ್ಷೆಯ ಖರ್ಚೇ ಹೆಚ್ಚಾಗುತ್ತದೆ ಎಂದು ಎಷ್ಟೋ ಜನ ಇದನ್ನು ಕೈಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀವು ಕೊಳ್ಳುತ್ತಿರುವುದು ಪೋನಿಯ ಜೊತೆಗೆ ಅದರ ಮುಂದಿನ ಎಲ್ಲ ವರ್ಷಗಳ ಚಿಕಿತ್ಸೆಯನ್ನೂ. ಪೂರ್ಣ ಪರೀಕ್ಷೆ ಸಾಧ್ಯವಾಗದಿದ್ದರೆ ಕಣ್ಣು, ಹೃದಯ, ಶ್ವಾಸಕೋಶ ಮತ್ತು ನಡಿಗೆಯನ್ನು ನೋಡಿಸಿ, ಎಸಿಟಿಎಚ್ (ಪಿಪಿಐಡಿಯಲ್ಲಿ ಏರುವ ಹಾರ್ಮೋನು) ಮತ್ತು ಇನ್ಸುಲಿನ್‌ಗಾಗಿ ರಕ್ತ ಪರೀಕ್ಷೆ ಮಾಡಿಸಿ, ಎರಡೂ ಮುಂಗಾಲಿನ ಗೊರಸುಗಳ ಪಕ್ಕದ ಎಕ್ಸ್‌ರೇ ತೆಗೆಸಿ. ಗೊರಸಿನೊಳಗಿನ ಮೂಳೆ ತಿರುಗಿದೆಯೋ ಕುಸಿದಿದೆಯೋ ಎಂಬುದು ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗುತ್ತದೆ. ಹಗಲು ಕುಗ್ಗತೊಡಗುವ ಶರತ್ಕಾಲದಲ್ಲಿ ಆರೋಗ್ಯವಂತ ಕುದುರೆಗಳಲ್ಲೂ ಎಸಿಟಿಎಚ್ ಏರುವುದರಿಂದ, ಫಲಿತಾಂಶವನ್ನು ಆ ಋತುವಿನ ಮಿತಿಗೆ ಹೋಲಿಸಿಯೇ ಓದಬೇಕು. ನೋವು ನಿವಾರಕ ಫಿನೈಲ್‌ಬ್ಯೂಟಜೋನ್ ಕುಂಟನ್ನು ಮುಚ್ಚಿಡಬಲ್ಲದಾದ್ದರಿಂದ ಪರೀಕ್ಷೆಯ ದಿನವೇ ಸ್ವಲ್ಪ ರಕ್ತವನ್ನು ತೆಗೆದಿಡಲು ಹೇಳಿ. ಮಾರುವವರ ವೈದ್ಯರನ್ನೇ ಈ ಪರೀಕ್ಷೆಗೆ ಕರೆಯಬಾರದು, ಆದರೆ ಅವರ ಬಳಿಯಿರುವ ಹಳೆಯ ಚಿಕಿತ್ಸಾ ದಾಖಲೆಯನ್ನು ನೋಡಲು ಮಾರುವವರ ಒಪ್ಪಿಗೆ ಪಡೆಯಿರಿ. ಒಪ್ಪಿಗೆ ಕೊಡದಿದ್ದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಿರಿ.

ಕಾಯಿಲೆಗಳನ್ನು ಖರ್ಚಿಗೆ ತಕ್ಕಂತೆ ವಿಂಗಡಿಸಿ

ವೈದ್ಯರ ವರದಿ ಕೈಗೆ ಬಂದಾಗ ಅದರಲ್ಲಿ ಏಳೆಂಟು ದೋಷಗಳಿರುತ್ತವೆ. ಈ ವಯಸ್ಸಿನ ಯಾವ ಪೋನಿಯ ವರದಿಯೂ ಖಾಲಿಯಿರುವುದಿಲ್ಲ. ಹಳೆಯ ಗಾಯದ ಗುರುತು, ಕಾಲಿನಲ್ಲಿ ನೋವಿಲ್ಲದ ಗಂಟು, ಬಾಲದ ಕೆಳಗಿನ ಸಣ್ಣ ಗೆಡ್ಡೆ ಇಂಥವು ಕೆಲಸಕ್ಕೆ ಅಡ್ಡಿ ಮಾಡದಿದ್ದರೆ ಅವುಗಳಿಗಾಗಿ ಬೆಲೆ ಇಳಿಸುವುದು ನ್ಯಾಯವಲ್ಲ.

ಎರಡನೆಯ ಬಗೆಯವು ಹಿಡಿತದಲ್ಲಿರುವ, ಆದರೆ ಪ್ರತಿದಿನ ಹಣವನ್ನೋ ಶ್ರಮವನ್ನೋ ಬೇಡುವ ಕಾಯಿಲೆಗಳು. 15 ದಾಟಿದ ಕುದುರೆಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಕಾಣುವ ಪಿಪಿಐಡಿಗೆ ಪರ್ಗೊಲೈಡ್ ಮಾತ್ರೆಯನ್ನು ಜೀವನಪರ್ಯಂತ ದಿನವೂ ಕೊಡಬೇಕು, ನಡುನಡುವೆ ರಕ್ತ ಪರೀಕ್ಷೆ ಮಾಡಿಸಬೇಕು. ಉಬ್ಬಸವಿದ್ದರೆ ಹುಲ್ಲನ್ನು ನೀರಿನಲ್ಲಿ ನೆನೆಸಿಯೋ ಹಬೆಯಲ್ಲಿಟ್ಟೋ ಕೊಡಬೇಕು, ಹೆಚ್ಚು ಹೊತ್ತು ಬಯಲಿನಲ್ಲಿ ಬಿಡಬೇಕು. ಕೀಲು ಸವೆತಕ್ಕೆ ನೋವಿನ ಮದ್ದು, ಆರೆಂಟು ವಾರಕ್ಕೊಮ್ಮೆ ತಪ್ಪದೆ ಗೊರಸಿನ ಆರೈಕೆ. ಪ್ರತಿಯೊಂದಕ್ಕೂ ವರ್ಷದ ಖರ್ಚನ್ನು ವೈದ್ಯರಿಂದಲೂ ಲಾಳ ಹೊಡೆಯುವವರಿಂದಲೂ ಕೇಳಿ ಬರೆದುಕೊಳ್ಳಿ. ಈಗಾಗಲೇ ಇರುವ ಕಾಯಿಲೆಗೆ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಆದ್ದರಿಂದ ಇದೆಲ್ಲ ನಿಮ್ಮ ಕೈಯಿಂದಲೇ ಹೋಗುವ ಹಣ.

ಮೂರನೆಯವು ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಮುಗಿಸಬಲ್ಲವು: ಮೂಳೆ ತಿರುಗಿರುವ, ಮತ್ತೆ ಮತ್ತೆ ಬರುವ ಲ್ಯಾಮಿನೈಟಿಸ್, ಪದೇ ಪದೇ ಬರುವ ಹೊಟ್ಟೆಶೂಲೆ, ಸವಾರಿಯ ನಡುವೆ ಕುಸಿದು ಬೀಳುವ ಅಪಾಯವಿದೆ ಎಂದು ವೈದ್ಯರು ಹೇಳಿದ ಹೃದಯದ ದೋಷ. ಕೊನೆಯದಿದ್ದರೆ ಮಗುವನ್ನು ಅದರ ಮೇಲೆ ಕೂರಿಸುವ ಯೋಚನೆಯನ್ನೇ ಬಿಡಬೇಕು, ಚೌಕಾಸಿಯ ಪ್ರಶ್ನೆ ಏಳುವುದಿಲ್ಲ.

ಲೆಕ್ಕ

ಈಗ ಹಾಳೆಯ ಮೇಲೆ ಕೂಡಿ ಕಳೆಯೋಣ. ಕೆಳಗಿನ ಅಂಕಿಗಳು ವಿಧಾನ ತೋರಿಸಲು ಮಾತ್ರ. ನಿಮ್ಮವನ್ನು ನೀವೇ ತುಂಬಿಕೊಳ್ಳಬೇಕು. ಆರೋಗ್ಯವಂತ 11 ವರ್ಷದ ಪೋನಿಯ ಬೆಲೆ 100. ನಿಮ್ಮ ಮಗುವಿಗೆ ಅದು ನಾಲ್ಕು ವರ್ಷ ಬೇಕು, ಆಮೇಲೆ 50ಕ್ಕೆ ಮಾರಬಹುದು ಎಂದಿಟ್ಟುಕೊಂಡರೆ, ನಾಲ್ಕು ವರ್ಷದ ಉಪಯೋಗಕ್ಕೆ ನೀವು ನಿಜವಾಗಿ ಕೊಟ್ಟದ್ದು 50. ನಿಮ್ಮ ಮುಂದಿರುವ 19 ವರ್ಷದ ಪೋನಿಯೂ ನಾಲ್ಕು ವರ್ಷ ಸವಾರಿ ಕೊಡಬಲ್ಲದು ಎಂದು ವೈದ್ಯರು ಹೇಳಿದ್ದಾರೆ, ಆದರೆ ಹಗುರ ಕೆಲಸ ಮಾತ್ರ. ಅದಕ್ಕಾಗಿ 50ನ್ನು 40ಕ್ಕೆ ಇಳಿಸಿ. ಪಿಪಿಐಡಿಯ ಮಾತ್ರೆ, ರಕ್ತ ಪರೀಕ್ಷೆ, ವಿಶೇಷ ಲಾಳ ಸೇರಿ ವರ್ಷಕ್ಕೆ 6ರಂತೆ ನಾಲ್ಕು ವರ್ಷಕ್ಕೆ 24 ಹೆಚ್ಚುವರಿ ಖರ್ಚು. ಉಳಿಯಿತು 16. ಹಿಂದೆ ಒಮ್ಮೆ ಲ್ಯಾಮಿನೈಟಿಸ್ ಬಂದಿದ್ದರಿಂದ ನಾಲ್ಕು ವರ್ಷ ಪೂರ್ತಿ ಸಿಗದಿರುವ ಅಪಾಯಕ್ಕೆ ಅದರಲ್ಲಿ ಕಾಲು ಭಾಗ ಕಳೆದರೆ 12. ಅಲ್ಲಿಗೆ ನ್ಯಾಯವಾದ ಬೆಲೆ ಆಧಾರ ಬೆಲೆಯ ನೂರಕ್ಕೆ 12ರಿಂದ 16ರ ನಡುವೆ ಇದೆ. ಅದೇ ಪೋನಿಗೆ ವರ್ಷಕ್ಕೆ 3 ಖರ್ಚಿನ ಕೀಲು ಸವೆತ ಮಾತ್ರ ಇದ್ದಿದ್ದರೆ ಬೆಲೆ 28 ಆಗುತ್ತಿತ್ತು. ಹೆಚ್ಚುವರಿ ಖರ್ಚು ವರ್ಷಕ್ಕೆ 10 ಆದರೆ ಬೆಲೆ ಸೊನ್ನೆಗೆ ಬಂದು ನಿಲ್ಲುತ್ತದೆ.

ಇಷ್ಟು ವರ್ಷ ಆ ಔಷಧದ ಖರ್ಚನ್ನು ನಾನೇ ಹೊತ್ತಿದ್ದೇನಲ್ಲ, ಅದನ್ನೇಕೆ ಬೆಲೆಯಲ್ಲಿ ಕಳೆಯುತ್ತೀರಿ ಎಂದು ಮಾರುವವರು ಕೇಳಬಹುದು. ಪೋನಿ ಕೈ ಬದಲಾದ ದಿನದಿಂದ ಆ ಖರ್ಚೂ ಕೈ ಬದಲಾಗುತ್ತದೆ. ಮಾರುವವರಿಗೆ ಸಿಗುವುದು ಬಂದ ಹಣವಷ್ಟೇ ಅಲ್ಲ, ತಪ್ಪಿದ ಖರ್ಚು ಕೂಡ. ಇದನ್ನು ಸಮಾಧಾನವಾಗಿ ಲೆಕ್ಕ ತೋರಿಸಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಹಾಗೆಯೇ ಕೊಳ್ಳುವವರು ಒಂದೇ ದೋಷಕ್ಕೆ ಎರಡು ಸಲ ಬೆಲೆ ಕಡಿಯಬಾರದು. ವೈದ್ಯರು ವಯಸ್ಸನ್ನು ಗಮನದಲ್ಲಿಟ್ಟುಕೊಂಡೇ ನಾಲ್ಕು ವರ್ಷ ಎಂದಿರುವಾಗ, ಮತ್ತೆ ವಯಸ್ಸಾಯಿತೆಂದು ಇಳಿಸಿ ಕೇಳುವುದು ಅನ್ಯಾಯ.

ಬೆಲೆ ಸೊನ್ನೆಯಾದಾಗ

ಲೆಕ್ಕ ಸೊನ್ನೆಗೆ ಅಥವಾ ಅದಕ್ಕೂ ಕೆಳಗೆ ಹೋದರೆ ಅದು ಮಾರುವ ಪೋನಿಯಲ್ಲ, ಆಶ್ರಯ ಹುಡುಕಬೇಕಾದ ಪೋನಿ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುವ ಮಾತು ಇಲ್ಲಿ ಸಲ್ಲದು. ಪುಕ್ಕಟೆ ಬಂದ ಪೋನಿಯ ಹಲ್ಲನ್ನೂ ಗೊರಸನ್ನೂ ಇನ್ನಷ್ಟು ಎಚ್ಚರಿಕೆಯಿಂದ ನೋಡಬೇಕು, ಏಕೆಂದರೆ ಮೇವು, ಔಷಧ, ಗೊರಸಿನ ಆರೈಕೆ, ಕಡೆಗೆ ನೋವಿಲ್ಲದೆ ಕಳಿಸಿಕೊಟ್ಟು ಮಣ್ಣು ಮಾಡುವ ಖರ್ಚು ಇವೆಲ್ಲ ಹಾಗೆಯೇ ಇರುತ್ತವೆ. ಮಾರುವವರಿಗೆ ನನ್ನ ಸಲಹೆ, ಇಂಥ ಪೋನಿಯನ್ನು ಒಡೆತನ ತಮ್ಮಲ್ಲೇ ಇಟ್ಟುಕೊಂಡು ಸಾಕಲು ಕೊಡುವುದು. ಹಾಗೆ ಮಾಡಿದರೆ ಅದು ಗೊತ್ತಿಲ್ಲದ ಕೈಗಳಿಗೆ ದಾಟಿಹೋಗುವುದು ತಪ್ಪುತ್ತದೆ. ಮೂರನೆಯ ಬಗೆಯ ಕಾಯಿಲೆಯಿದ್ದು ದಿನವೂ ನೋವಿನಲ್ಲಿರುವ ಪೋನಿಯನ್ನು ಮಾರುವುದೂ ಬೇಡ, ಕೊಡುವುದೂ ಬೇಡ. ಪರಿಚಿತರ ನಡುವೆ, ತನ್ನ ಲಾಯದಲ್ಲಿಯೇ ಅದು ಕೊನೆಯುಸಿರೆಳೆಯುವಂತೆ ವೈದ್ಯರೊಡನೆ ಮಾತಾಡಿ.

ಒಪ್ಪಂದವನ್ನು ಬರವಣಿಗೆಯಲ್ಲಿ ಇಡಿ

ಬೆಲೆ ಒಪ್ಪಿದ ಮೇಲೆ ಒಂದು ಪುಟದ ಪತ್ರ ಸಾಕು. ಗೊತ್ತಿರುವ ಪ್ರತಿಯೊಂದು ಕಾಯಿಲೆ, ಕೊಡುತ್ತಿರುವ ಔಷಧದ ಹೆಸರು ಮತ್ತು ಪ್ರಮಾಣ, ಕೊನೆಯ ಸಲ ಗೊರಸು ತರಿದ ದಿನ, ಕೊನೆಯ ಹಲ್ಲಿನ ಆರೈಕೆ, ಧನುರ್ವಾಯು ಲಸಿಕೆಯ ದಿನಾಂಕ ಅದರಲ್ಲಿರಲಿ. ಮಾರುವವರು ಎಲ್ಲವನ್ನೂ ತಾವಾಗಿಯೇ ಬರೆದುಕೊಟ್ಟರೆ ಆಮೇಲಿನ ತಕರಾರಿಗೆ ಅವರಿಗೂ ಅದೇ ರಕ್ಷಣೆ. ಸಾಧ್ಯವಾದರೆ ಎರಡರಿಂದ ನಾಲ್ಕು ವಾರ ಪರೀಕ್ಷಾರ್ಥವಾಗಿ ಇಟ್ಟುಕೊಳ್ಳಲು ಕೇಳಿ, ಆ ದಿನಗಳ ಚಿಕಿತ್ಸೆಯ ಖರ್ಚು ಯಾರದೆಂದು ಮೊದಲೇ ಬರೆದುಕೊಳ್ಳಿ. ಪೋನಿಯನ್ನು ಇಟ್ಟುಕೊಳ್ಳಲು ಆಗದ ಕಾಲ ಬಂದರೆ ಮೊದಲು ಹಳೆಯ ಯಜಮಾನರಿಗೇ ತಿಳಿಸಬೇಕು ಎಂಬ ಷರತ್ತನ್ನೂ ಸೇರಿಸಬಹುದು. ರಕ್ತ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲದಿದ್ದರೆ ಪೂರ್ತಿ ಹಣ ಕೊಡಬೇಡಿ. ಮುಂಗಡ ಮಾತ್ರ ಕೊಟ್ಟು, ಫಲಿತಾಂಶ ಹೀಗೆ ಬಂದರೆ ಬೆಲೆ ಇಷ್ಟು, ಹಾಗೆ ಬಂದರೆ ಇಷ್ಟು ಎಂದು ಎರಡೂ ಮೊತ್ತಗಳನ್ನು ಪತ್ರದಲ್ಲಿಯೇ ಬರೆದು ಇಬ್ಬರೂ ಸಹಿ ಹಾಕಿ.